ಹಿಡಿಯಷ್ಟು ಚರ್ಮದ ಪ್ರಶ್ನೆ

ಬಸದಿಯ ಬಾಗಿಲಲ್ಲಿ ನಾವು ಪಾದರಕ್ಷೆಗಳನ್ನಷ್ಟೇ ಬಿಡುವುದಿಲ್ಲ. ಚರ್ಮದ ಸೊಂಟಪಟ್ಟಿ, ಚರ್ಮದ ಹಣದ ಚೀಲ, ಕೈಗಡಿಯಾರದ ಚರ್ಮದ ಪಟ್ಟಿ ಇವೆಲ್ಲವನ್ನೂ ಹೊರಗಿರಿಸಿ ಒಳಹೋಗುತ್ತೇವೆ. ಮಕ್ಕಳಿಗೂ ಅದನ್ನೇ ಕಲಿಸುತ್ತೇವೆ. ಆದರೆ ಅದೇ ಬಸದಿಯ ಅಂಗಳದವರೆಗೆ ನಮ್ಮನ್ನು ಕರೆತಂದ ಕಾರಿನೊಳಗೆ ಒಮ್ಮೆ ಇಣುಕಿ ನೋಡಬೇಕು. ಗೇರಿನ ಹಿಡಿಗೆ ಚರ್ಮದ ಹೊದಿಕೆ, ಅದರ ಬುಡಕ್ಕೆ ನೆರಿಗೆ ಹಿಡಿದ ಚರ್ಮದ ಚೀಲ. ಊರಿಂದ ಕ್ಷೇತ್ರದವರೆಗಿನ ದಾರಿಯಲ್ಲಿ ನಮ್ಮ ಎಡಗೈ ಅದನ್ನು ನೂರಾರು ಬಾರಿ ಹಿಡಿದಿರುತ್ತದೆ. ಅನಂತರ ಅದೇ ಕೈ ಅಭಿಷೇಕದ ಕಲಶವನ್ನು ಎತ್ತುತ್ತದೆ. ಕೈ ತೊಳೆದರಾಯಿತು ಎನ್ನುವವರಿದ್ದಾರೆ. ಪ್ರಶ್ನೆ ಮೈಲಿಗೆಯದಾಗಿದ್ದರೆ ಆ ಉತ್ತರ ಸಾಕಾಗುತ್ತಿತ್ತು. ಪ್ರಶ್ನೆ ಹಿಂಸೆಯದು, ಅದು ನೀರಿನಿಂದ ತೊಳೆದು ಹೋಗುವಂಥದಲ್ಲ.

ಗೇರ್ ನಾಬ್ ಮತ್ತು ಅದರ ಕೆಳಗಿನ ಬೂಟ್ ಎಂಬ ಹೊದಿಕೆಯ ಕೆಲಸವೇನೆಂಬುದನ್ನು ಮೊದಲು ತಿಳಿಯೋಣ. ನಾಬ್ ಎಂಬುದು ಕೈಗೆ ಸಿಗುವ ಹಿಡಿ, ಅಷ್ಟೆ. ಧೂಳು, ಎಂಜಿನ್ನಿನ ಸದ್ದು ಮತ್ತು ಹೊಗೆ ಒಳಬರದಂತೆ ತಡೆಯುವ ಕೆಲಸವನ್ನು ಬಹಳಷ್ಟು ಕಾರುಗಳಲ್ಲಿ ಒಳಗಡೆ ಕಾಣದಂತಿರುವ ರಬ್ಬರಿನ ಹೊದಿಕೆಯೇ ಮಾಡುತ್ತದೆ. ಮೇಲೆ ಕಾಣುವ ಚರ್ಮದ ಚೀಲ ಬಹುಪಾಲು ಅಲಂಕಾರಕ್ಕಾಗಿ ಇರುವಂಥದು. 1983ರಿಂದ 2014ರವರೆಗೆ ತಯಾರಾದ ಮಾರುತಿ 800 ಕಾರಿನಲ್ಲಿ ಸಾದಾ ಪ್ಲಾಸ್ಟಿಕ್ ಹಿಡಿ, ರಬ್ಬರಿನ ಹೊದಿಕೆ ಇದ್ದವು. ಲಕ್ಷಾಂತರ ಕುಟುಂಬಗಳು ಅದನ್ನು ನಡೆಸಿದವು. ಗೇರು ಹಾಕಲು ಚರ್ಮ ಬೇಕಿತ್ತೆಂದು ಯಾರೂ ಹೇಳಿದ್ದಿಲ್ಲ. ಇಂದು ಹೆಚ್ಚಿನ ಬೆಲೆಯ ಮಾದರಿಗಳಲ್ಲಿ 'ಚರ್ಮ ಸುತ್ತಿದ ನಾಬ್' ಎಂಬುದು ವೈಭವದ ಗುರುತಾಗಿ ಬರುತ್ತಿದೆ. ಸಾದಾ ಕಾರು ಕೊಂಡವರೂ ಬಿಡಿಭಾಗಗಳ ಅಂಗಡಿಗೆ ಹೋಗಿ, ಚೆನ್ನಾಗಿರುವ ರಬ್ಬರನ್ನು ಕಿತ್ತೆಸೆದು ಚರ್ಮವನ್ನು ಹಾಕಿಸಿಕೊಳ್ಳುತ್ತಾರೆ.

ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಪ್ರಯೋಜನವಿಲ್ಲದ ಹಿಂಸೆಯಿಂದ ದೂರವಿರುವುದೇ ಅದರ ಅರ್ಥ. ಗೃಹಸ್ಥನು ಅಡುಗೆ ಮಾಡದೆ, ಮನೆ ಕಟ್ಟದೆ, ವ್ಯವಸಾಯ-ವ್ಯಾಪಾರಗಳನ್ನು ನಡೆಸದೆ ಬದುಕಲಾರ. ಅದರಲ್ಲಿ ಒದಗುವ ಆರಂಭೀ, ಉದ್ಯಮೀ ಹಿಂಸೆಗಳನ್ನು ಶಾಸ್ತ್ರಕಾರರು ಬಲ್ಲರು. ಆದರೆ ಯಾವ ಅಗತ್ಯವೂ ಇಲ್ಲದೆ ಬರಿಯ ಶೋಕಿಗಾಗಿ ಆಗುವ ಹಿಂಸೆಗೆ ಅವರು ಈ ರಿಯಾಯಿತಿಯನ್ನು ನೀಡಲಿಲ್ಲ. ಆಚಾರ್ಯ ಸಮಂತಭದ್ರರು ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ನಿಷ್ಪ್ರಯೋಜಕವಾಗಿ ನೆಲ ಅಗೆಯುವುದನ್ನು, ನೀರು ಚೆಲ್ಲುವುದನ್ನು, ಸುಮ್ಮನೆ ಅಲೆದಾಡುವುದನ್ನು ಸಹ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಕಾರಣವಿಲ್ಲದೆ ಚೆಲ್ಲಿದ ನೀರಿಗೇ ಲೆಕ್ಕವಿರುವಾಗ, ಕಾರಣವಿಲ್ಲದೆ ಸುಲಿದ ಚರ್ಮಕ್ಕೆ ಲೆಕ್ಕವಿಲ್ಲವೇ?

ಇಲ್ಲಿ ಒಂದು ವಾದವನ್ನು ಮುಂದಿಡಲಾಗುತ್ತದೆ. 'ಪ್ರಾಣಿಯನ್ನು ಕೊಲ್ಲುವುದು ಮಾಂಸಕ್ಕಾಗಿ. ಚರ್ಮ ಉಳಿದುಬರುವ ವಸ್ತು. ನಾವು ಕೊಳ್ಳದಿದ್ದರೂ ಕೊಲೆ ನಿಲ್ಲದು' ಎಂದು. ಇದು ಕೇಳಲು ಸುಲಭವಾದ ಸಮಾಧಾನ. ಆದರೆ ಕಸಾಯಿಖಾನೆಯಲ್ಲಿ ಚರ್ಮವನ್ನು ಯಾರೂ ಪುಕ್ಕಟೆ ಕೊಡುವುದಿಲ್ಲ. ಅದಕ್ಕೆ ಬೆಲೆಯಿದೆ, ಆ ಬೆಲೆ ಅಲ್ಲಿನ ಆದಾಯದ ಒಂದು ಪಾಲು. ಕೊಂಡವನು ಆ ಆದಾಯಕ್ಕೆ ಕೈಗೂಡಿಸಿದವನೇ. ತತ್ತ್ವಾರ್ಥಸೂತ್ರವು ಹಿಂಸೆಯ ಆಸ್ರವವನ್ನು ಸಂರಂಭ-ಸಮಾರಂಭ-ಆರಂಭ, ಮನ-ವಚನ-ಕಾಯ, ಕೃತ-ಕಾರಿತ-ಅನುಮತ ಮತ್ತು ನಾಲ್ಕು ಕಷಾಯಗಳಿಂದ ಗುಣಿಸಿ 108 ಬಗೆಯಾಗಿ ಎಣಿಸುತ್ತದೆ. ಈ ಎಣಿಕೆಯಲ್ಲಿ ಕತ್ತಿ ಹಿಡಿದವನು ಕೃತ ಎಂಬಲ್ಲಿ ಇರಬಹುದು. ಹಣ ಕೊಟ್ಟವನು ಕಾರಿತದಲ್ಲಿಯೂ, ಮೆಚ್ಚಿ ಸವರಿದವನು ಅನುಮತದಲ್ಲಿಯೂ ಇದ್ದಾನೆ. ತಾವಾಗಿ ಸತ್ತ ದನಗಳ ಚರ್ಮವನ್ನು ಮಾತ್ರ ಬಳಸುವ ಪ್ರಯೋಗವನ್ನು ಗಾಂಧೀಜಿಯವರು ಪ್ರೋತ್ಸಾಹಿಸಿದ್ದು ನಿಜ. ಆದರೆ ಅಂಗಡಿಯಲ್ಲಿ ಸಿಗುವ ನಾಬಿನ ಚರ್ಮಕ್ಕೆ ಅಂತಹ ಗುರುತೇನೂ ಇರುವುದಿಲ್ಲ. ಗುರುತಿಲ್ಲದ ಕಡೆ ಸಂಶಯದ ಲಾಭವನ್ನು ಜೀವಕ್ಕೆ ಕೊಡಬೇಕೇ ಹೊರತು ನಮ್ಮ ಆಸೆಗಲ್ಲ.

ಹಿಂಸೆ ಕಸಾಯಿಖಾನೆಯಲ್ಲಿ ಮುಗಿಯುವುದೂ ಇಲ್ಲ. ಜಗತ್ತಿನ ಹೆಚ್ಚಿನ ಚರ್ಮವನ್ನು ಹದಮಾಡುವುದು ಕ್ರೋಮಿಯಂ ಲವಣಗಳಿಂದ. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ನದಿಯು ತಮಿಳುನಾಡಿನ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ಬಳಿ ಹದಗಾರಿಕೆಯ ಕೊಳೆಯಿಂದ ಕೆಟ್ಟಿತು. ಕುಡಿಯುವ ನೀರು, ಬೆಳೆಯುವ ಹೊಲ ಎರಡೂ ಹಾಳಾದವು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ವೆಲ್ಲೂರು ನಾಗರಿಕರ ವೇದಿಕೆಯ ಪ್ರಕರಣದಲ್ಲಿ, ಮಲಿನಗೊಳಿಸಿದವನೇ ನಷ್ಟವನ್ನು ಭರಿಸಬೇಕೆಂಬ ತತ್ತ್ವವನ್ನು ಎತ್ತಿಹಿಡಿದು, ಆ ಭಾಗದ ಹದಗಾರಿಕೆ ಘಟಕಗಳಿಗೆ ತಲಾ 10,000 ರೂಪಾಯಿ ದಂಡ ವಿಧಿಸಿತು. ನೀರನ್ನು ಸೋಸಿ ಕುಡಿಯುವ ಸಮಾಜಕ್ಕೆ ಒಂದು ನದಿಯ ನೀರಿನಲ್ಲಿರುವ ಜೀವರಾಶಿಯ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. 'ಕಾರೇ ಹಿಂಸೆಯಲ್ಲವೇ? ಟೈರಿನ ರಬ್ಬರಿಗೆ ಬೆರೆಸುವ ಸ್ಟಿಯರಿಕ್ ಆಮ್ಲವು ಪ್ರಾಣಿಗಳ ಕೊಬ್ಬಿನಿಂದಲೂ ಬರುತ್ತದೆ. ಮಳೆಗಾಲದ ರಾತ್ರಿ ದೀಪಕ್ಕೆ ಮುತ್ತಿ ಗಾಜಿಗೆ ಬಡಿದು ಸಾಯುವ ಕೀಟಗಳಿಗೆ ಲೆಕ್ಕವಿಲ್ಲ. ಹೀಗಿರುವಾಗ ಅಂಗೈ ಅಗಲದ ಚರ್ಮವನ್ನು ಹಿಡಿದು ಜಗ್ಗುವುದು ಆಡಂಬರವಲ್ಲವೇ?' ಎಂದು. ಹಿಂಸೆಯಿಲ್ಲದ ಕಾರು ಇಲ್ಲವೆಂಬುದನ್ನು ಒಪ್ಪಲೇಬೇಕು. ಬಂಡಿ ಕಟ್ಟಿ, ಬಂಡಿ ಹೊಡೆದು ಬದುಕುವುದನ್ನೇ ನಮ್ಮ ಪೂರ್ವಾಚಾರ್ಯರು ಹದಿನೈದು ಕ್ರೂರಕರ್ಮಗಳಲ್ಲಿ ಎಣಿಸಿದ್ದಾರೆ. ದಿಗಂಬರ ಮುನಿಗಳು ಕಾಲ್ನಡೆಯಲ್ಲೇ ವಿಹರಿಸುವುದು ಸುಮ್ಮನೆ ಅಲ್ಲ. ಆದರೆ ಎಲ್ಲವನ್ನೂ ಬಿಡಲಾಗದೆಂಬುದು ಏನನ್ನೂ ಬಿಡದಿರಲು ಕಾರಣವಾಗಬಾರದು. ಅಣುವ್ರತವೆಂಬ ಹೆಸರಿನಲ್ಲಿಯೇ ಇದರ ಉತ್ತರವಿದೆ. ಟೈರನ್ನು ಬಿಟ್ಟರೆ ಕಾರು ಓಡದು. ಚರ್ಮವನ್ನು ಬಿಟ್ಟರೆ ಅದು ಮೊದಲಿನಂತೆಯೇ ಓಡುತ್ತದೆ. ಬಿಡುವುದು ಎಷ್ಟು ಸುಲಭವೋ, ಇಟ್ಟುಕೊಂಡವನ ಹೊಣೆ ಅಷ್ಟೇ ಹೆಚ್ಚು.

ಬದಲಿಗೆ ಏನನ್ನು ಹಾಕಬೇಕೆಂಬಲ್ಲಿಯೂ ಎಚ್ಚರ ಬೇಕು. ಚರ್ಮವನ್ನು ಬಿಟ್ಟೆನೆಂದು ಕೊಂಬಿನ, ಮೂಳೆಯ ಹಿಡಿಯನ್ನು ಹಾಕಿದರೆ ಬಂದದ್ದೇನು? ಮರದ ಹಿಡಿಯೆಂದು ಚನ್ನಪಟ್ಟಣದ ಕುಶಲಕರ್ಮಿಗಳ ಬಳಿಗೆ ಹೋಗುವವರು ಅಲ್ಲಿನ ಹೊಳಪು ಅರಗಿನದೆಂಬುದನ್ನು, ಅರಗು ಕೀಟಗಳಿಂದ ಬರುವುದೆಂಬುದನ್ನು ಮರೆಯಬಾರದು. ಲಾಕ್ಷಾವಾಣಿಜ್ಯವೂ ಆ ಹದಿನೈದರಲ್ಲಿ ಒಂದು. ಅರಗು ಹಾಕದೆ, ಗಿಡಮೂಲದ ಎಣ್ಣೆಯನ್ನಷ್ಟೇ ತಿಕ್ಕಿ ಮಾಡಿಕೊಡಿರೆಂದು ಕೇಳಿಕೊಳ್ಳಬಹುದು. ರೆಕ್ಸಿನ್ ಮಣ್ಣಿನಲ್ಲಿ ಕೊಳೆಯದ ವಸ್ತು. ಆದಕಾರಣ ಹರಿಯದ ಹೊದಿಕೆಯನ್ನು ಚೆಂದಕ್ಕಾಗಿ ಬದಲಿಸುತ್ತ ಹೋಗುವುದು ಅಪರಿಗ್ರಹಕ್ಕೆ ವಿರುದ್ಧ. ಒಟ್ಟಿನಲ್ಲಿ ರಬ್ಬರು, ದಪ್ಪ ಹತ್ತಿಬಟ್ಟೆ, ಸಾದಾ ಪ್ಲಾಸ್ಟಿಕ್ ಇವೇ ಸಾಕು. ಅಂಗಡಿಯವರು ಎಲ್ಲವನ್ನೂ 'ಲೆದರ್' ಎಂದೇ ಕರೆಯುವುದರಿಂದ ಪರೀಕ್ಷಿಸಿ ಕೊಳ್ಳುವುದು ಒಳ್ಳೆಯದು. ಹಿಂಬದಿಯಲ್ಲಿ ನೇಯ್ದ ಬಟ್ಟೆ ಕಂಡರೆ ಅದು ಸಾಮಾನ್ಯವಾಗಿ ಕೃತಕ. ಎಳೆ ಎಳೆಯಾದ ನಾರು ಕಂಡರೆ ಚರ್ಮವಿರಬಹುದು. ಅಂಚಿನ ಚೂರನ್ನು ಸುಟ್ಟರೆ ಕೃತಕವಾದದ್ದು ಕರಗುತ್ತದೆ, ಚರ್ಮವು ಕೂದಲು ಸುಟ್ಟ ವಾಸನೆ ಕೊಡುತ್ತದೆ.

ಬದಲಿಸುವ ಕೆಲಸ ದೊಡ್ಡದೇನಲ್ಲ. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಅನೇಕ ಕಾರುಗಳಲ್ಲಿ ನಾಬನ್ನು ಎಡಕ್ಕೆ ತಿರುಗಿಸಿದರೆ ಬಿಚ್ಚಿಬರುತ್ತದೆ. ಬೂಟಿನ ಚೌಕಟ್ಟು ಕ್ಲಿಪ್ಪುಗಳ ಮೇಲೆ ಕುಳಿತಿರುತ್ತದೆ. ರಿವರ್ಸ್ ಗೇರಿಗೆ ಎತ್ತುವ ಉಂಗುರವಿರುವ ಕಾರುಗಳಲ್ಲಿ ಬಲಪ್ರಯೋಗ ಸಲ್ಲದು. ಅದನ್ನು ಬಲ್ಲ ಮೆಕ್ಯಾನಿಕರಿಂದಲೇ ಮಾಡಿಸಬೇಕು. ಹೊಸ ನಾಬಿನ ಮರೆ ಹಳೆಯದಕ್ಕೆ ಸರಿಹೊಂದಬೇಕು, ಗೇರುಗಳ ಕ್ರಮ ಅದರ ಮೇಲೆ ಕಾಣುವಂತಿರಬೇಕು, ಒಳಗಿನ ರಬ್ಬರನ್ನು ಮುಟ್ಟಬಾರದು. ಹೊರಡುವ ಮುನ್ನ ಎಲ್ಲ ಗೇರುಗಳನ್ನೂ ಹಾಕಿ ನೋಡಬೇಕು. ಶಿರಾಡಿ ಘಾಟಿಯ ತಿರುವಿನಲ್ಲಿ ಸಡಿಲ ನಾಬು ಕೈಗೆ ಕಿತ್ತುಬಂದರೆ, ಅಹಿಂಸೆಯ ಹೆಸರಿನಲ್ಲಿ ಮಾಡಿದ ಕೆಲಸವೇ ಹಿಂಸೆಗೆ ದಾರಿಯಾದೀತು. ಪ್ರಮಾದವೇ ಹಿಂಸೆಯ ಮೂಲವೆಂಬುದು ಚಾಲಕನಿಗೂ ಸಲ್ಲುವ ಮಾತು.

ಬಸದಿಗಳ ಟ್ರಸ್ಟುಗಳ ಪದಾಧಿಕಾರಿಗಳಲ್ಲಿ ವಿಶೇಷ ವಿನಂತಿಯಿದೆ. ಮನೆಯ ಕಾರು ಒಂದು ಕುಟುಂಬದ ವಿಚಾರ. ಕ್ಷೇತ್ರದ ವಾಹನ ಇಡೀ ಸಮಾಜದ ನಡತೆ. ವಾಹನ ಕೊಳ್ಳುವಾಗ ಆಸನ, ಸ್ಟೀರಿಂಗ್, ನಾಬ್, ಬೂಟ್ ಯಾವುದರಲ್ಲಿಯೂ ಚರ್ಮವಿರಬಾರದೆಂದು ಖರೀದಿಯ ಪತ್ರದಲ್ಲಿಯೇ ಬರೆಯಿರಿ. ವಸ್ತು ಯಾವುದೆಂದು ಲಿಖಿತವಾಗಿ ಕೇಳಿ ಪಡೆಯಿರಿ. ದಾನಿಗಳು ವಾಹನ ಕೊಡಲು ಬಂದಾಗಲೂ ಸಂಕೋಚವಿಲ್ಲದೆ ಇದನ್ನು ತಿಳಿಸಿರಿ. ಈಗಿರುವ ವಾಹನದಲ್ಲಿ ಚರ್ಮವಿದ್ದರೆ ತೆಗೆಸಿರಿ. ತೆಗೆದದ್ದನ್ನು ಮಾರಿ ಲಾಭ ಮಾಡಬೇಡಿರಿ, ಏಕೆಂದರೆ ದಂತವಾಣಿಜ್ಯದ ನಿಷೇಧದಲ್ಲಿ ಚರ್ಮವೂ ಸೇರಿದೆ. 2021ರಲ್ಲಿ ಸ್ವೀಡನ್ನಿನ ವೋಲ್ವೊ ಸಂಸ್ಥೆ ತನ್ನ ಸಂಪೂರ್ಣ ವಿದ್ಯುತ್ ಕಾರುಗಳಲ್ಲಿ ಚರ್ಮ ಬಳಸುವುದಿಲ್ಲವೆಂದು ಘೋಷಿಸಿತು. ಅಣುವ್ರತದ ಹೆಸರನ್ನೇ ಕೇಳದವರು ಇದನ್ನು ಮಾಡುವಾಗ, ವ್ರತ ತೊಟ್ಟವರು ಹಿಂದೆ ಬೀಳುವುದು ತರವೇ?

ಕೊನೆಯದಾಗಿ ಒಂದು ಮಾತು. ಚರ್ಮವನ್ನು ಬಿಡುವವನು ಚರ್ಮದ ಕೆಲಸ ಮಾಡುವ ಮನುಷ್ಯನನ್ನು ಕೀಳಾಗಿ ಕಂಡರೆ ಅವನು ಮಾನವೆಂಬ ಕಷಾಯವನ್ನು ಗಳಿಸಿದನೇ ಹೊರತು ಅಹಿಂಸೆಯನ್ನಲ್ಲ. ಹೊಟ್ಟೆಪಾಡಿಗೆ ಕ್ರೋಮಿಯಂ ನೀರಿನಲ್ಲಿ ಕೈಯಿಟ್ಟು ದುಡಿಯುವವನಿಗಿಂತ, ಶೋಕಿಗೆ ಹಣ ತೆತ್ತು ಅವನನ್ನು ಅಲ್ಲಿ ನಿಲ್ಲಿಸಿದವನ ಹೊಣೆ ದೊಡ್ಡದು. ಆದ್ದರಿಂದ ಧರ್ಮಬಂಧುಗಳೇ, ಬೇರೆಯವರ ಕೈಯನ್ನು ನೋಡುವ ಮೊದಲು ನಮ್ಮ ಎಡಗೈ ಏನನ್ನು ಹಿಡಿದಿದೆಯೆಂದು ನೋಡಿಕೊಳ್ಳೋಣ. ಬರುವ ದಶಲಕ್ಷಣ ಪರ್ವದೊಳಗೆ ಪ್ರತಿಯೊಂದು ಟ್ರಸ್ಟು ಈ ಬಗ್ಗೆ ಒಂದು ನಿರ್ಣಯವನ್ನು ಕೈಗೊಳ್ಳಲಿ, ಪ್ರತಿಯೊಂದು ಮನೆಯಲ್ಲಿ ಈ ಮಾತು ಬರಲಿ.