ಮಗುವಿನ ಚಾಂಚಲ್ಯಕ್ಕೆ ಆಹಾರವೇ ಮದ್ದೆ?

ಒಂದೆಡೆ ಕುಳ್ಳಿರದೆ, ಹೇಳಿದ್ದನ್ನು ಪೂರ್ತಿ ಕೇಳದೆ, ಹಿಡಿದ ಕೆಲಸವನ್ನು ಅರ್ಧಕ್ಕೇ ಬಿಟ್ಟೇಳುವ ಮಕ್ಕಳು ಎಲ್ಲ ಮನೆಗಳಲ್ಲಿಯೂ ಉಂಟು. ಈ ಚಾಂಚಲ್ಯವು ವಯಸ್ಸಿಗೆ ಮೀರಿ, ಮನೆಯಲ್ಲಿಯೂ ಶಾಲೆಯಲ್ಲಿಯೂ ತಿಂಗಳುಗಟ್ಟಲೆ ನಿಂತು, ಮಗುವಿನ ಕಲಿಕೆಗೂ ಗೆಳೆತನಕ್ಕೂ ಅಡ್ಡಿಯಾದಾಗ ವೈದ್ಯರು ಅದನ್ನು ಎ.ಡಿ.ಎಚ್.ಡಿ. ಎನ್ನುತ್ತಾರೆ, ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ಅದರ ಅರ್ಥ. ಇಂಥ ಮಗುವಿನ ತಾಯಿತಂದೆಗಳಿಗೆ ಸಲಹೆಗಾರರ ಬರವಿಲ್ಲ. ಸಕ್ಕರೆ ನಿಲ್ಲಿಸಿರೆನ್ನುವರು ಒಬ್ಬರು. ಮೀನೆಣ್ಣೆಯ ಗುಳಿಗೆ ಕೊಡಿರೆನ್ನುವರು ಇನ್ನೊಬ್ಬರು. ಜೀವಸತ್ವಗಳ ಸೀಸೆಯನ್ನೇ ತಂದು ಕೈಗಿಡುವವರು ಮತ್ತೊಬ್ಬರು. ನಮ್ಮ ಅಭಿಪ್ರಾಯದಲ್ಲಿ ಇದು ಆಹಾರದ ಪ್ರಶ್ನೆ ಎನ್ನುವುದಕ್ಕಿಂತ ಹೆಚ್ಚಾಗಿ ಅಳತೆಯ ಪ್ರಶ್ನೆ.

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಲೋಲಕವನ್ನು ತೂಗಿಬಿಟ್ಟು ಗುರುತ್ವ ವೇಗೋತ್ಕರ್ಷವನ್ನು ಅಳೆಯುವ ವಿದ್ಯಾರ್ಥಿಗೆ ಉತ್ತರವು 980ರ ಆಸುಪಾಸಿನಲ್ಲಿ ಬರಬೇಕೆಂದು ಮೊದಲೇ ಗೊತ್ತಿರುತ್ತದೆ. ಅವನ ಗಡಿಯಾರವೂ ಹೇಗೋ ಅತ್ತಲೇ ವಾಲುತ್ತದೆ! ಅವನು ಸುಳ್ಳುಗಾರನಲ್ಲ, ನಿರೀಕ್ಷೆಯು ಕಣ್ಣನ್ನು ಎಳೆಯುತ್ತದೆ. ಮಗುವಿನ ನಡತೆಯನ್ನು ಅಳೆಯುವಲ್ಲಿ ತಾಯಿಯ ಕಣ್ಣೇ ಉಪಕರಣವಷ್ಟೆ. 1994ರಲ್ಲಿ ಹೂವರ್ ಮತ್ತು ಮಿಲಿಚ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 5ರಿಂದ 7 ವರ್ಷದ 35 ಮಂದಿ ಗಂಡುಮಕ್ಕಳನ್ನು ತಾಯಂದಿರೊಡನೆ ಕರೆಸಿದರು. ಸಕ್ಕರೆ ತಿಂದರೆ ತಮ್ಮ ಮಗ ಕೆರಳುತ್ತಾನೆಂಬುದು ಆ ತಾಯಂದಿರೆಲ್ಲರ ನಂಬಿಕೆ. ಮಕ್ಕಳಲ್ಲಿ ಯಾರಿಗೂ ಸಕ್ಕರೆ ಕೊಡಲಿಲ್ಲ. ಕೊಟ್ಟದ್ದು ಬೇರೊಂದು ಸಿಹಿವಸ್ತು. ಆದರೆ ಒಂದು ಗುಂಪಿನ ತಾಯಂದಿರಿಗೆ ಸಕ್ಕರೆ ಕೊಟ್ಟಿದೆಯೆಂದು ಹೇಳಲಾಯಿತು. ಅವರು ತಮ್ಮ ಮಕ್ಕಳು ಹೆಚ್ಚು ಚಂಚಲರಾದರೆಂದು ಗುರುತಿಸಿದರು. ಅಷ್ಟೇ ಅಲ್ಲ, ಮಕ್ಕಳ ತಪ್ಪುಗಳನ್ನು ಹೆಚ್ಚಾಗಿ ಎತ್ತಿ ಆಡಿದರು, ಮಗ್ಗುಲಲ್ಲೇ ನಿಂತು ಕಾದರು. ಅದೇ ವರ್ಷ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ಕುಟುಂಬಗಳ ಆಹಾರವನ್ನೇ ವಾರಗಟ್ಟಲೆ ಗುಟ್ಟಾಗಿ ಬದಲಿಸಿ ನೋಡಿದರೂ ಸಕ್ಕರೆಯಿಂದ ಮಕ್ಕಳ ನಡತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಕ್ಕರೆಯನ್ನು ಮಿತಿಗೊಳಿಸಲು ಹಲ್ಲಿನ ಆರೋಗ್ಯವೊಂದೇ ಸಾಕಾದ ಕಾರಣ. ಚಾಂಚಲ್ಯವನ್ನು ಅದರ ಲೆಕ್ಕಕ್ಕೆ ಬರೆಯಬೇಕಾಗಿಲ್ಲ.

ಕೃತಕ ಬಣ್ಣಗಳ ಕತೆ ಇಷ್ಟು ಸರಳವಲ್ಲ. ಸ್ಯಾನ್‌ಫ್ರಾನ್ಸಿಸ್ಕೋದ ಅಲರ್ಜಿ ತಜ್ಞ ಬೆಂಜಮಿನ್ ಫೈನ್‌ಗೋಲ್ಡ್ ಅವರು 1973ರಲ್ಲಿ, ಬಣ್ಣ ಮತ್ತು ಪರಿಮಳದ ರಾಸಾಯನಿಕಗಳನ್ನು ಬಿಡಿಸಿದರೆ ಬಹುಮಂದಿ ಮಕ್ಕಳು ಶಾಂತರಾಗುವರೆಂದು ಸಾರಿದರು. ತಾಯಿತಂದೆಗಳ ಸಂಘಗಳೇ ಹುಟ್ಟಿಕೊಂಡವು. ಮುಂದೆ ಪಥ್ಯದ ಗುಟ್ಟನ್ನು ಮನೆಯವರಿಂದಲೂ ಶಾಲೆಯಿಂದಲೂ ಮರೆಮಾಡಿ ಪರೀಕ್ಷಿಸಿದಾಗ ಆ ಲಾಭದ ಬಹುಭಾಗ ಕರಗಿಹೋಯಿತು. ಬಹುಭಾಗವೆಂದೆವು, ಪೂರ್ತಿ ಎನ್ನಲಿಲ್ಲ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಸಾಮಾನ್ಯ ಮಕ್ಕಳಿಗೇ ಬಣ್ಣ ಬೆರೆಸಿದ ಪಾನೀಯ ಕೊಟ್ಟು, ಅಲ್ಪವಾದರೂ ಅಳೆಯಬಹುದಾದ ಪರಿಣಾಮವನ್ನು ಕಂಡರು. ಅದರ ಫಲವಾಗಿ ಆರು ಬಣ್ಣಗಳುಳ್ಳ ತಿನಿಸಿನ ಪೊಟ್ಟಣದ ಮೇಲೆ ಎಚ್ಚರಿಕೆ ಮುದ್ರಿಸಬೇಕೆಂಬ ನಿಯಮ ಯುರೋಪಿನಲ್ಲಿ 2010ರಿಂದ ಜಾರಿಗೆ ಬಂದಿತು. ನಮ್ಮ ರಾಜ್ಯದಲ್ಲಿ 2024ರಲ್ಲಿ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗಳಿಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ ನಿಷೇಧಿಸಿದ್ದು ಬೇರೆ ಕಾರಣಕ್ಕೆ: ಅಲ್ಲಿ ಸಿಕ್ಕಿದ ರೋಡಮಿನ್-ಬಿ ತಿನ್ನುವ ಬಣ್ಣವೇ ಅಲ್ಲ.

ಇನ್ನು ಸೀಸೆಗಳ ಮಾತು. ಮೀನೆಣ್ಣೆಯ ಒಮೆಗಾ-3 ಕೊಬ್ಬಿನಾಮ್ಲಗಳನ್ನು ಕುರಿತ 10 ಪ್ರಯೋಗಗಳನ್ನು, 699 ಮಕ್ಕಳನ್ನು ಒಟ್ಟುಗೂಡಿಸಿ 2011ರಲ್ಲಿ ಲೆಕ್ಕ ಹಾಕಿದಾಗ ದೊರೆತ ಗುಣ ಸಣ್ಣದು; ವೈದ್ಯರು ಬರೆದುಕೊಡುವ ಔಷಧಗಳ ಗುಣದೊಡನೆ ಹೋಲಿಸಲಾರದಷ್ಟು ಸಣ್ಣದು. ಜೀವಸತ್ವಗಳನ್ನು ಭಾರಿ ಪ್ರಮಾಣದಲ್ಲಿ ಕೊಟ್ಟು ನೋಡಿದ 1984ರ ಪ್ರಯೋಗವೊಂದರಲ್ಲಂತೂ ಗುಣವಿರಲಿ, ಕೆಲವು ಮಕ್ಕಳ ಯಕೃತ್ತಿಗೇ ತೊಂದರೆಯ ಸೂಚನೆಗಳು ಕಂಡವು.

ಕಬ್ಬಿಣದ ಸಂಗತಿ ಬೇರೆ. ಮಿದುಳಿನಲ್ಲಿ ಡೋಪಮಿನ್ ತಯಾರಿಸುವ ಕಿಣ್ವಕ್ಕೆ ಕಬ್ಬಿಣ ಬೇಕು. ಅವಧಾನಕ್ಕೆ ಡೋಪಮಿನ್ ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67 ಮಂದಿ ರಕ್ತಹೀನರು. ಇಂಥ ನಾಡಿನಲ್ಲಿ ಚಂಚಲ ಮಗುವಿನ ರಕ್ತಪರೀಕ್ಷೆ ಮಾಡಿಸುವುದು, ಮೀನೆಣ್ಣೆ ಕೊಳ್ಳುವುದಕ್ಕಿಂತ ವಿವೇಕದ ಮಾತೆಂದು ನಾವು ಭಾವಿಸುತ್ತೇವೆ. ಕೊರತೆಯಿದ್ದರೆ ವೈದ್ಯರು ಹೇಳಿದಷ್ಟು ಕಬ್ಬಿಣವನ್ನು ಕೊಡಬೇಕು. ಕೊರತೆಯಿಲ್ಲದ ಮಗುವಿಗೆ ಅದು ಬೇಡ, ಮಿತಿಮೀರಿದರೆ ವಿಷ.

ಪಥ್ಯದಿಂದ ನಷ್ಟವೇನು ಎಂದು ಕೇಳುವವರುಂಟು. ಬೆಳೆಯುವ ಮಗುವಿನ ತಟ್ಟೆಯಿಂದ ಇಂದು ಹಾಲು, ನಾಳೆ ಗೋಧಿ, ನಾಡಿದ್ದು ಮೊಟ್ಟೆ ತೆಗೆಯುತ್ತ ಹೋದರೆ ಉಳಿಯುವುದೇನು? ಸೀಸೆಯನ್ನು ನಂಬಿ ತಜ್ಞರ ಬಳಿಗೆ ಹೋಗದೆ ಕಳೆದ ಎರಡು ವರ್ಷಗಳನ್ನು ಶಾಲೆಯು ಮರಳಿಸುವುದಿಲ್ಲ. ಮಗುವಿನ ಸ್ಥಿತಿಗೆ ತನ್ನ ಅಡಿಗೆಯೇ ಕಾರಣವೆಂಬ ಅಪವಾದವನ್ನು ಹೊತ್ತ ತಾಯಿಯ ಸಂಕಟವಂತೂ ಯಾವ ಕೋಷ್ಟಕದಲ್ಲಿಯೂ ದಾಖಲಾಗದು.

ಇಷ್ಟಾದರೂ ಒಂದು ತಿನಿಸಿನ ಮೇಲೆ ಸಂದೇಹ ಉಳಿದಿದ್ದರೆ ಮಗುವಿನ ಊಟವನ್ನೂ ನಡತೆಯನ್ನೂ ಕೆಲವು ವಾರ ದಿನದಿನವೂ ಬರೆದಿಡಬಹುದು. ವೈದ್ಯರೋ ಆಹಾರತಜ್ಞರೋ ಒಪ್ಪಿದರೆ ಆ ಒಂದನ್ನು ಮಾತ್ರ ನಿಲ್ಲಿಸಿ, ಮತ್ತೆ ಕೊಟ್ಟು ನೋಡಬೇಕು. ಯಾವ ವಾರ ಕೊಟ್ಟಿತು, ಯಾವ ವಾರ ನಿಲ್ಲಿಸಿತು ಎಂಬುದನ್ನು ತರಗತಿಯ ಉಪಾಧ್ಯಾಯರಿಗೆ ಹೇಳದೆ, ಅವರ ಅಭಿಪ್ರಾಯವನ್ನು ಮಾತ್ರ ಕೇಳಬೇಕು.