ಲ್ಯೂವೆನ್ನಿನ ಲೆಕ್ಕ, ನಮ್ಮ ಪಾಠ

ಬೆಲ್ಜಿಯಂ ದೇಶದ ಲ್ಯೂವೆನ್ ನಗರದಲ್ಲಿ ಐಮೆಕ್ ಎಂಬ ಸಂಶೋಧನಾ ಸಂಸ್ಥೆಯೊಂದಿರುವುದು. ನಮ್ಮ ವಾಚಕರಲ್ಲಿ ಅನೇಕರು ಆ ಹೆಸರನ್ನು ಕೇಳಿರಲಾರರು. ಆದರೆ ಅವರ ಅಂಗಿಯ ಜೇಬಿನಲ್ಲಿರುವ ಫೋನು, ಕಚೇರಿಯ ಮೇಜಿನ ಮೇಲಿರುವ ಕಂಪ್ಯೂಟರು ಇವುಗಳ ಒಡಲೊಳಗಿನ ಚಿಪ್ಪುಗಳನ್ನು ಮಾಡುವ ವಿದ್ಯೆಯ ಬಹುಭಾಗವು ಒಂದಲ್ಲ ಒಂದು ಹಂತದಲ್ಲಿ ಆ ಸಂಸ್ಥೆಯ ಅಂಗಳವನ್ನು ಹಾದುಬಂದುದಾಗಿದೆ. 2023ರಲ್ಲಿ ಸುಮಾರು 94 ಕೋಟಿ ಯೂರೋ ಇದ್ದ ಅದರ ಆದಾಯವು 2024ರಲ್ಲಿ ಮೊದಲ ಬಾರಿಗೆ ನೂರು ಕೋಟಿಯನ್ನು ದಾಟಿತು. ಲಾಭವನ್ನು ಯಾರಿಗೂ ಹಂಚದ, ಚಿಪ್ಪಿನ ವ್ಯಾಪಾರವನ್ನೇ ಕಸುಬನ್ನಾಗಿ ಮಾಡಿಕೊಳ್ಳದ ಒಂದು ವಿದ್ಯಾಮಂದಿರದ ಲೆಕ್ಕ ಇದು. ಪರರ ಐಶ್ವರ್ಯವನ್ನು ಕಂಡು ಬೆರಗಾಗುವುದಕ್ಕಾಗಿ ನಾವು ಇದನ್ನು ಇಲ್ಲಿ ಎತ್ತಿಕೊಂಡುದಲ್ಲ. ಒಂದು ಚಿಕ್ಕ ಜನಾಂಗವು ನಲವತ್ತು ವರ್ಷಗಳಲ್ಲಿ ಮಾಡಿ ತೋರಿಸಿದುದು ನಮ್ಮಿಂದ ಏಕೆ ಆಗಲಿಲ್ಲವೆಂದು ಕೇಳಿಕೊಳ್ಳುವ ಕಾಲ ಬಂದಿರುವುದರಿಂದ ಎತ್ತಿಕೊಂಡೆವು.

ಮೊದಲು ಆ ಶಾಸ್ತ್ರದ ವಿಷಯವಾಗಿ ಎರಡು ಮಾತು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುವುದು ನಮ್ಮ ಪಾಠಶಾಲೆಗಳ ಹಳೆಯ ಪದ್ಧತಿ. ನ್ಯಾನೋ ಎಲೆಕ್ಟ್ರಾನಿಕ್ಸ್ ಎಂಬ ಈ ಹೊಸ ವಿದ್ಯೆಯೂ ಒಂದರ್ಥದಲ್ಲಿ ಮರಳಿನ ಮೇಲಿನ ಬರೆವಣಿಗೆಯೇ ಸರಿ. ಬೆಣಚುಕಲ್ಲಿನಿಂದ ಶೋಧಿಸಿ ತೆಗೆದ ಸಿಲಿಕಾನಿನ ಬಿಲ್ಲೆಯ ಮೇಲೆ ಬೆಳಕನ್ನೇ ಲೇಖನಿಯನ್ನಾಗಿ ಮಾಡಿಕೊಂಡು ವಿದ್ಯುತ್ತಿನ ದಾರಿಗಳನ್ನು ಬರೆಯುವುದು ಇದರ ಮರ್ಮ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರು. ನಮ್ಮ ತಲೆಗೂದಲಿನ ದಪ್ಪವು ಇಂತಹ ಹತ್ತಾರು ಸಾವಿರ ಪಾಲುಗಳಷ್ಟು. ಬರೆಯುವ ಗೆರೆ ಕಿರಿದಾದಷ್ಟೂ ಉಗುರಿನಗಲದ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರುಗಳು ಹಿಡಿಯುವುವು. ಇಂದು ಅವುಗಳ ಸಂಖ್ಯೆ ನೂರಾರು ಕೋಟಿಯನ್ನು ಮುಟ್ಟಿದೆ.

ಇಂತಹ ವಿದ್ಯೆಗೆ ಲ್ಯೂವೆನ್ ನಗರವು ತವರಾದುದು ಹೇಗೆ? ಆ ನಗರವಿರುವ ಫ್ಲಾಂಡರ್ಸ್ ಪ್ರಾಂತದ ಜನಸಂಖ್ಯೆ 70 ಲಕ್ಷವನ್ನು ಮುಟ್ಟುವುದಿಲ್ಲ. ನಮ್ಮ ಕರ್ನಾಟಕದ ಜನಸಂಖ್ಯೆಯಾದರೋ 2011ರ ಜನಗಣತಿಯಲ್ಲಿಯೇ 6 ಕೋಟಿ 11 ಲಕ್ಷ. ಡಚ್ ಭಾಷೆಯನ್ನಾಡುವ ಆ ಜನರು ತಮ್ಮ ನಾಡಿನಲ್ಲಿಯೇ ಬಹುಕಾಲ ಫ್ರೆಂಚ್ ಭಾಷೆಯ ಕಚೇರಿಗೂ ಫ್ರೆಂಚ್ ಭಾಷೆಯ ವಿಶ್ವವಿದ್ಯಾಲಯಕ್ಕೂ ತಲೆಬಾಗಬೇಕಾಗಿತ್ತು. ಗೆಂಟ್ ವಿಶ್ವವಿದ್ಯಾಲಯದಲ್ಲಿ ಅವರ ನುಡಿ ಬೋಧನ ಭಾಷೆಯಾದುದು 1930ರಲ್ಲಿ. 1425ರಲ್ಲಿ ಸ್ಥಾಪಿತವಾದ ಲ್ಯೂವೆನ್ ವಿಶ್ವವಿದ್ಯಾಲಯಕ್ಕಾಗಿ ಅವರು ಹೂಡಿದ ಹೋರಾಟವು 1968ರಲ್ಲಿ ಫಲಿಸಿ, ಫ್ರೆಂಚ್ ವಿಭಾಗವು ಬೇರೆಯೇ ಊರಿಗೆ ಹೋಗುವುದೆಂದು ನಿಶ್ಚಯವಾಯಿತು. ಭಾಷೆಯ ಹಕ್ಕು ದೊರೆತೊಡನೆ ಅವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲವೆಂಬುದನ್ನು ನಾವು ವಿಶೇಷವಾಗಿ ಗಮನಿಸಬೇಕು. 1982ರಲ್ಲಿ ಫ್ಲಾಂಡರ್ಸ್ ಸರಕಾರದ ಅಧ್ಯಕ್ಷರಾಗಿದ್ದ ಗ್ಯಾಸ್ಟನ್ ಗೇನ್ಸ್ ಅವರು ತಮ್ಮ ನಾಡಿಗೆ ಮೂರನೆಯ ಕೈಗಾರಿಕಾ ಕ್ರಾಂತಿಯ ಕಾರ್ಯಕ್ರಮವನ್ನು ಸಾರಿದರು. ಅಮೆರಿಕದ ಸ್ಟಾನ್‌ಫರ್ಡಿನಲ್ಲಿ ವಿದ್ಯೆ ಕಲಿತು ತವರಿಗೆ ಹಿಂದಿರುಗಿದ್ದ ಪ್ರಾಧ್ಯಾಪಕ ರೋಜರ್ ವಾನ್ ಓವರ್‌ಸ್ಟ್ರಾಟನ್ ಅವರ ಮುಂದಾಳುತನದಲ್ಲಿ 1984ರಲ್ಲಿ ಐಮೆಕ್ ಹುಟ್ಟಿತು. ಆಗ ಅಲ್ಲಿದ್ದವರು ಸುಮಾರು ಎಪ್ಪತ್ತು ಜನ. ಇಂದು ಐದೂವರೆ ಸಾವಿರಕ್ಕೂ ಹೆಚ್ಚು ಜನರು ಅಲ್ಲಿ ದುಡಿಯುತ್ತಿದ್ದಾರೆ. ಭೂಮಿಯ ಹತ್ತಾರು ದೇಶಗಳವರು, ನಮ್ಮ ಭಾರತೀಯರೂ, ಅವರಲ್ಲಿದ್ದಾರೆ.

ಆ ಸಂಸ್ಥೆಯ ಅಂತರರಾಷ್ಟ್ರೀಯ ಸಹಕಾರದ ರೀತಿಯು ವಿಚಾರಯೋಗ್ಯವಾದುದು. ಇಂಟೆಲ್, ಸ್ಯಾಮ್‌ಸಂಗ್, ತೈವಾನಿನ ಟಿಎಸ್‌ಎಂಸಿ ಮೊದಲಾದ ಕಂಪೆನಿಗಳು ಪೇಟೆಯಲ್ಲಿ ಪರಸ್ಪರ ಪ್ರತಿಸ್ಪರ್ಧಿಗಳು. ಆದರೂ ಅವರೆಲ್ಲರ ಎಂಜಿನಿಯರುಗಳು ಲ್ಯೂವೆನ್ನಿನ ಒಂದೇ ಛಾವಣಿಯ ಕೆಳಗೆ ಕೆಲಸಮಾಡಿರುತ್ತಾರೆ. ಇದಕ್ಕೆ ಕಾರಣ ಸರಳವಾಗಿದೆ. ಹತ್ತು ವರ್ಷಗಳ ಅನಂತರ ಬೇಕಾಗುವ ವಿದ್ಯೆಯನ್ನು ಒಬ್ಬೊಬ್ಬರೇ ಶೋಧಿಸಹೊರಟರೆ ಖರ್ಚು ಯಾರಿಗೂ ನಿಭಾಯಿಸದು. ಆದುದರಿಂದ ಎಲ್ಲರೂ ಪಾಲು ಹಣ ಹಾಕುವರು. ಸಿಕ್ಕಿದ ಮೂಲಜ್ಞಾನದಲ್ಲಿ ಪಾಲು ಪಡೆಯುವರು. ಸ್ವಂತ ಸರಕಿನ ಗುಟ್ಟನ್ನು ಮಾತ್ರ ತಮ್ಮ ಮನೆಯಲ್ಲಿ ಇಟ್ಟುಕೊಳ್ಳುವರು. ಯಂತ್ರ ಮಾಡುವ ಕಂಪೆನಿಗಳು ತಮ್ಮ ಹೊಸ ಯಂತ್ರವನ್ನು ತಂದು ಅಲ್ಲಿಯೇ ಪಳಗಿಸಿಕೊಳ್ಳುವುವು. ಊರೊಟ್ಟಿನ ಕೆರೆಯ ನೀರನ್ನು ಎಲ್ಲರೂ ತಮ್ಮ ತಮ್ಮ ಗದ್ದೆಗೆ ಹರಿಸಿಕೊಳ್ಳುವರು. ಬೆಳೆ ಮಾತ್ರ ಅವರವರದು. ಆ ಕೆರೆಯನ್ನು ಕಾಯುವ ನೀರಗಂಟಿಯು ಯಾರ ಪಕ್ಷದವನೂ ಆಗಿರಬಾರದು. ಐಮೆಕ್ ಸಂಸ್ಥೆಯ ದೊಡ್ಡ ಬಂಡವಾಳವು ಈ ನಿಷ್ಪಕ್ಷಪಾತವೇ. ಅದರ ಆದಾಯದ ಬಹುಪಾಲು ಕಂಪೆನಿಗಳಿಂದ ಬರುವುದು. ಆದರೆ ನಾಡಿನ ಸರಕಾರವು ಕೊಡುವ ಚಿಕ್ಕ ಪಾಲು ನಿಂತ ವರ್ಷವಿಲ್ಲ. ಆ ಚಿಕ್ಕ ಪಾಲಿನ ಭರವಸೆಯ ಮೇಲೆಯೇ ದೊಡ್ಡ ಪಾಲು ಬಂದು ಸೇರಿತೆಂಬುದನ್ನು ನಮ್ಮ ಹಣಕಾಸಿನ ಅಧಿಕಾರಿಗಳು ಮನಸ್ಸಿಗೆ ತಂದುಕೊಳ್ಳಬೇಕು.

ಇನ್ನು ವರ್ಷದ ಪ್ರಗತಿ. ಚಿಪ್ಪಿನ ಮೇಲೆ ಅತಿಸೂಕ್ಷ್ಮ ಗೆರೆಗಳನ್ನು ಬರೆಯಲು ಈಗ ಬಳಸುವ ಬೆಳಕಿನ ತರಂಗದ ಉದ್ದ 13.5 ನ್ಯಾನೋಮೀಟರು. ಕಣ್ಣಿಗೆ ಕಾಣದ ಈ ಬೆಳಕನ್ನು ಗಾಳಿಯೂ ಗಾಜೂ ನುಂಗಿಬಿಡುವುವು. ಆದುದರಿಂದ ಕೆಲಸವೆಲ್ಲ ನಿರ್ವಾತದಲ್ಲಿ, ಕನ್ನಡಿಗಳ ಮೂಲಕವೇ ನಡೆಯತಕ್ಕದ್ದು. ಬೆಳಕನ್ನು ಹುಟ್ಟಿಸುವ ಬಗೆಯಂತೂ ಪುರಾಣದ ಕಥೆಯಂತಿದೆ: ತವರದ ಹನಿಗಳು ಸೆಕೆಂಡಿಗೆ ಐವತ್ತು ಸಾವಿರದಂತೆ ಉದುರುತ್ತಿರಲು ಒಂದೊಂದು ಹನಿಗೂ ಲೇಸರ್ ಕಿರಣವು ಗುರಿಯಿಟ್ಟು ಹೊಡೆಯಬೇಕು. ಈ ಯಂತ್ರಗಳನ್ನು ಮಾಡುವುದು ನೆದರ್ಲೆಂಡಿನ ಎಎಸ್‌ಎಂಎಲ್ ಕಂಪೆನಿ; ಕನ್ನಡಿಗಳು ಜರ್ಮನಿಯ ಝೈಸ್ ಕಂಪೆನಿಯವು. ಇವುಗಳಲ್ಲಿ ಹೊಸ ಪೀಳಿಗೆಯ ಯಂತ್ರವೊಂದರ ಬೆಲೆ ಸುಮಾರು 35 ಕೋಟಿ ಯೂರೋ. 2024ರ ಜೂನಿನಲ್ಲಿ ಐಮೆಕ್ ಮತ್ತು ಎಎಸ್‌ಎಂಎಲ್ ಎರಡೂ ಕೂಡಿ ಈ ಹೊಸ ಯಂತ್ರದ ಪ್ರಯೋಗಶಾಲೆಯನ್ನು ನೆದರ್ಲೆಂಡಿನ ವೆಲ್ಡ್‌ಹೋವೆನ್ನಿನಲ್ಲಿ ತೆರೆದುವು. ಅದೇ ಆಗಸ್ಟಿನಲ್ಲಿ 9.5 ನ್ಯಾನೋಮೀಟರ್ ಅಗಲದ ಲೋಹದ ಗೆರೆಗಳನ್ನು ಒಂದೇ ಸಲದ ಬೆಳಕಿನಲ್ಲಿ ಮೂಡಿಸಿದುದಾಗಿ ಪ್ರಕಟಿಸಿದರು. ಅದೇ ವರ್ಷ ಯುರೋಪಿನ ಒಕ್ಕೂಟದ ಚಿಪ್ ಕಾಯಿದೆಯ ಮೇರೆಗೆ 250 ಕೋಟಿ ಯೂರೋಗಳ ಪ್ರಯೋಗ-ಉತ್ಪಾದನಾ ಶಾಲೆಯೊಂದನ್ನು ಐಮೆಕ್ ವಹಿಸಿಕೊಂಡಿತು. ಫ್ರಾನ್ಸ್, ಜರ್ಮನಿ, ಫಿನ್ಲೆಂಡ್, ಐರ್ಲೆಂಡ್, ರುಮೇನಿಯಗಳ ಸಂಶೋಧನಾಲಯಗಳು ಇದರಲ್ಲಿ ಜೊತೆಗಾರರು.

ಈ ಫಲವು ಒಂದು ವರ್ಷದಲ್ಲಿ ಮಾಗಿದುದೆಂದು ಯಾರೂ ಭ್ರಮಿಸಬಾರದು. ಇದೇ ಬೆಳಕಿನ ಮೊದಲ ಪ್ರಯೋಗಯಂತ್ರಗಳೆರಡರಲ್ಲಿ ಒಂದು ಲ್ಯೂವೆನ್ನಿಗೆ ಬಂದುದು 2006ರಲ್ಲಿ. ಅದರಿಂದ ಮಾಡಿದ ಚಿಪ್ಪು ಜನರ ಫೋನುಗಳಲ್ಲಿ ಕಾಣಿಸಿಕೊಂಡುದು 2019ರಲ್ಲಿ. ನಡುವಣ ಹದಿಮೂರು ವರ್ಷ ಫಲವೆಲ್ಲಿ ಎಂದು ಗಿಡವನ್ನು ಕಿತ್ತು ಬೇರು ನೋಡುವ ಚಪಲ ಅಲ್ಲಿಯವರಿಗೆ ಇರಲಿಲ್ಲ.

ಆದರೆ ಸಹಕಾರವೆಂಬ ಮಾತಿನ ಸವಿಯಲ್ಲಿ ಮೈಮರೆಯುವುದೂ ಸಲ್ಲದು. 2015ರಲ್ಲಿ ಚೀನದ ಎಸ್‌ಎಂಐಸಿ ಮತ್ತು ಹುವಾವೇ, ಅಮೆರಿಕದ ಕ್ವಾಲ್‌ಕಾಂ ಇವುಗಳೊಡನೆ ಇದೇ ಐಮೆಕ್ ಕೈಜೋಡಿಸಿತ್ತು. ಕೆಲವೇ ವರ್ಷಗಳಲ್ಲಿ ಕಾಲ ಬದಲಾಯಿತು. ಮೇಲೆ ಹೇಳಿದ ಬೆಳಕಿನ ಯಂತ್ರವು ಚೀನಕ್ಕೆ ಹೋಗಲೇ ಇಲ್ಲ. 2022ರ ಅಕ್ಟೋಬರಿನಲ್ಲಿ ಅಮೆರಿಕದ ಸರಕಾರವು ನಿರ್ಬಂಧಗಳನ್ನು ಬಿಗಿಮಾಡಿತು. 2023ರಲ್ಲಿ ಡಚ್ಚರ ಸರಕಾರವೂ ಯಂತ್ರಗಳ ರಫ್ತಿಗೆ ಪರವಾನಗಿ ಬೇಕೆಂದಿತು. ಇದರಿಂದ ತಿಳಿಯತಕ್ಕದ್ದೇನು? ವಿದ್ಯೆಗೆ ಗಡಿಯಿಲ್ಲವೆಂಬುದು ಸಭೆಯ ಭಾಷಣಕ್ಕೆ ಸರಿ. ಯಂತ್ರಕ್ಕೂ ಪರವಾನಗಿಗೂ ಗಡಿಯುಂಟು. ಬಾಗಿಲು ತೆರೆದಿರುವಾಗ ಒಳಹೊಕ್ಕು ಕಲಿಯದವನು ಬಾಗಿಲು ಮುಚ್ಚಿದ ಮೇಲೆ ಹೊರಗೆ ನಿಂತು ಹಲುಬಬೇಕಾಗುವುದು. ಅದಕ್ಕಿಂತ ಮುಖ್ಯವಾದುದು, ಕೈಯಲ್ಲಿ ತನ್ನದೆಂಬುದೊಂದು ಇಲ್ಲದವನನ್ನು ಯಾರೂ ಸಮಾನ ಜೊತೆಗಾರನೆಂದು ಕರೆಯುವುದಿಲ್ಲ. ಗಿರಾಕಿಯೆಂದೋ ಕೂಲಿಯೆಂದೋ ಕರೆಯುವರು.

ಈ ದೃಷ್ಟಿಯಿಂದ ನಮ್ಮ ಮನೆಯ ಕಡೆಗೆ ತಿರುಗಿ ನೋಡಿದರೆ ಮನಸ್ಸು ಮುದುಡುವುದು. ಐಮೆಕ್ ಹುಟ್ಟಿದ 1984ರಲ್ಲಿಯೇ ಪಂಜಾಬಿನ ಮೊಹಾಲಿಯಲ್ಲಿ ಭಾರತ ಸರಕಾರದ ಸೆಮಿಕಂಡಕ್ಟರ್ ಕಾರ್ಖಾನೆಯು ಚಿಪ್ಪುಗಳನ್ನು ಮಾಡತೊಡಗಿತು. 1989ರ ಫೆಬ್ರವರಿಯಲ್ಲಿ ಅಲ್ಲಿ ಬೆಂಕಿ ಬಿದ್ದಿತು. ಮತ್ತೆ ಉತ್ಪಾದನೆ ನಡೆಯಲು 1997 ಬರಬೇಕಾಯಿತು. ಈ ಶಾಸ್ತ್ರದಲ್ಲಿ ಎಂಟು ವರ್ಷವೆಂದರೆ ಒಂದು ಯುಗ. ಬೆಂಕಿ ಎಲ್ಲಿಯಾದರೂ ಬೀಳಬಹುದು, ಅದು ಯಾರ ದೋಷವೂ ಅಲ್ಲದೆ ಇರಬಹುದು. ಸುಟ್ಟುದನ್ನು ಕಟ್ಟಲು ಎಂಟು ವರ್ಷ ತೆಗೆದುಕೊಂಡುದು ಮಾತ್ರ ನಮ್ಮ ಅಲಕ್ಷ್ಯವೆಂದು ಒಪ್ಪಿಕೊಳ್ಳದೆ ವಿಧಿಯಿಲ್ಲ.

ಅತ್ತ ಬೆಂಗಳೂರಿಗೆ 1985ರಲ್ಲಿಯೇ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಯು ಬಂದಿತು. ಅದರ ಹಿಂದೆ ಹಲವು ಕಂಪೆನಿಗಳು ಬಂದುವು. ಇಂದು ಲೋಕದ ಎಷ್ಟೋ ಚಿಪ್ಪುಗಳ ನಕ್ಷೆಯನ್ನು ನಮ್ಮ ಹುಡುಗರೂ ಹುಡುಗಿಯರೂ ಬೆಂಗಳೂರಿನಲ್ಲಿ ಕುಳಿತು ಬರೆಯುತ್ತಿದ್ದಾರೆ. ಅದು ಹೆಮ್ಮೆಯ ವಿಷಯವೇ. ಆದರೆ ನಕ್ಷೆ ನಮ್ಮವರ ಕೈಯದು, ಒಡೆತನ ಪರರದು. ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ, ಬುದ್ಧಿವಂತರನ್ನು ಇಲ್ಲಿಟ್ಟುಕೊಂಡು ವಿದ್ಯೆಯನ್ನು ಹೊರಗಿನಿಂದ ಬೇಡುತ್ತಿದ್ದೇವೆ.

ಬೆಣ್ಣೆಯು ನಿಜವಾಗಿಯೂ ಇದೆಯೆಂಬುದಕ್ಕೆ ನಮ್ಮಲ್ಲಿಯೇ ಸಾಕ್ಷಿಯುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1907ರಲ್ಲಿ ಮೈಸೂರು ಸರಕಾರವು ಸುಮಾರು 370 ಎಕರೆ ಭೂಮಿಯನ್ನು ಕೊಟ್ಟಿತು. ಆ ನೆಲದ ಮೇಲೆ ಇಂದು ನ್ಯಾನೋ ವಿಜ್ಞಾನದ ಕೇಂದ್ರವಿರುವುದು. 2006ರಲ್ಲಿ ಕೇಂದ್ರ ಸರಕಾರವು ಈ ಸಂಸ್ಥೆಗೂ ಮುಂಬಯಿಯ ಐಐಟಿಗೂ ನ್ಯಾನೋ ಎಲೆಕ್ಟ್ರಾನಿಕ್ಸಿಗಾಗಿ ಧನಸಹಾಯ ನೀಡಿತು. 2008ರಿಂದ ದೇಶದ ಇತರ ಕಾಲೇಜುಗಳವರೂ ಬಂದು ಇಲ್ಲಿಯ ಯಂತ್ರಗಳನ್ನು ಬಳಸುವ ಏರ್ಪಾಡಾಯಿತು. 2010ರಲ್ಲಿ ಪ್ರತ್ಯೇಕ ಕೇಂದ್ರವೇ ಸ್ಥಾಪಿತವಾಯಿತು. ಧೂಳಿನ ಕಣವೂ ನುಸುಳದ ಆ ಶುದ್ಧಕೋಣೆಯಲ್ಲಿ ದೂರದ ಊರುಗಳ ವಿದ್ಯಾರ್ಥಿಗಳು ಬಂದು ತಮ್ಮ ಕೈಯಿಂದಲೇ ಪ್ರಯೋಗ ನಡೆಸಿದ್ದಾರೆ. ಇದು ಸಣ್ಣ ಸಾಧನೆಯಲ್ಲ. ಆದರೆ ಲ್ಯೂವೆನ್ನಿನಂತೆ ವಿದ್ಯಾಲಯಕ್ಕೂ ಕಾರ್ಖಾನೆಗೂ ನಡುವೆ ನಿಂತು ಎರಡನ್ನೂ ಹೊಸೆಯುವ ದೊಡ್ಡ ಮನೆ ನಮ್ಮಲ್ಲಿ ಬೆಳೆಯಲಿಲ್ಲ.

ಕೇಂದ್ರ ಸರಕಾರವು 2021ರ ಡಿಸೆಂಬರಿನಲ್ಲಿ 76,000 ಕೋಟಿ ರೂಪಾಯಿಗಳ ಸೆಮಿಕಂಡಕ್ಟರ್ ಯೋಜನೆಯನ್ನು ಅಂಗೀಕರಿಸಿತು. 2024ರ ಫೆಬ್ರವರಿಯಲ್ಲಿ ಗುಜರಾತಿನ ಧೋಲೇರದಲ್ಲಿ ಟಾಟಾದವರೂ ತೈವಾನಿನ ಕಂಪೆನಿಯವರೂ ಕೂಡಿ ಕಟ್ಟುವ ಕಾರ್ಖಾನೆಗೆ ಒಪ್ಪಿಗೆ ದೊರೆಯಿತು. ನಾವು ಕಾರ್ಖಾನೆ ಬೇಡವೆನ್ನುವವರಲ್ಲ. ಆದರೆ ಕೊಂಡು ತಂದ ವಿದ್ಯೆಯ ಮೇಲೆ ನಿಂತ ಕಾರ್ಖಾನೆಯು ಹತ್ತು ವರ್ಷಗಳಲ್ಲಿ ಹಳತಾಗುವುದು. ಮುಂದಿನ ವಿದ್ಯೆಯನ್ನು ಮತ್ತೆ ಕೊಳ್ಳಬೇಕಾಗುವುದು. 2023ರ ಅಕ್ಟೋಬರಿನಲ್ಲಿ ತಜ್ಞರ ಸಮಿತಿಯೊಂದು ರಾಷ್ಟ್ರೀಯ ಸೆಮಿಕಂಡಕ್ಟರ್ ಸಂಶೋಧನಾ ಕೇಂದ್ರದ ವಿಷಯವಾಗಿ ಸರಕಾರಕ್ಕೆ ವರದಿ ಒಪ್ಪಿಸಿತು. ಐಮೆಕ್ ಸಂಸ್ಥೆಯ ಹೆಸರು ಆಗ ಮಾದರಿಯಾಗಿ ಕೇಳಿಬಂದಿತು. ಹೆಸರನ್ನು ಎರವಲು ತರುವುದು ಸುಲಭ. ನಡತೆಯನ್ನು ತರುವುದು ಕಷ್ಟ.

ಕುಡಿಯುವ ನೀರಿಗೂ ಶಾಲೆಯ ಛಾವಣಿಗೂ ಹಣವಿಲ್ಲದ ನಾಡಿಗೆ ಈ ಸೂಕ್ಷ್ಮವಿದ್ಯೆಯ ವೈಭವವೇಕೆ ಎಂದು ಕೆಲವರು ಕೇಳುವರು. ಆ ಪ್ರಶ್ನೆಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಈ ಚಿಪ್ಪುಗಳಿಗಾಗಿ ನಾವು ಈಗಲೂ ಹಣ ತೆರುತ್ತಲೇ ಇದ್ದೇವೆ. ಬಡವನು ಕೊಳ್ಳುವ ಫೋನಿನ ಬೆಲೆಯಲ್ಲಿಯೂ ಪರರ ವಿದ್ಯೆಯ ಬಾಡಿಗೆ ಸೇರಿದೆ. ಬಾಡಿಗೆ ಕಟ್ಟುವುದು ಮಿತವ್ಯಯ, ಸ್ವಂತ ಮನೆ ಕಟ್ಟುವುದು ದುಂದುಗಾರಿಕೆ ಎಂಬ ನ್ಯಾಯ ಯಾವ ಗೃಹಸ್ಥನಿಗೂ ಒಪ್ಪಿಗೆಯಾಗದು.

ಆದುದರಿಂದ ನಾವು ಅಧಿಕಾರಿವರ್ಗದವರ ಮುಂದೆ ಮೂರು ಮಾತುಗಳನ್ನು ಇಡುತ್ತೇವೆ. ಮೊದಲನೆಯದು, ಇಂತಹ ಸಂಶೋಧನಾಲಯಕ್ಕೆ ಕೊಡುವ ಹಣವು ಮಂತ್ರಿಗಳು ಬದಲಾದಂತೆ ಬದಲಾಗಬಾರದು. ಇಪ್ಪತ್ತು ವರ್ಷಗಳ ಭರವಸೆಯಾದರೂ ಇರಬೇಕು. ಮೊತ್ತ ಚಿಕ್ಕದಾದರೂ ಚಿಂತೆಯಿಲ್ಲ. ಎರಡನೆಯದು, ಅದರ ಆಡಳಿತವು ಬಲ್ಲವರ ಕೈಯಲ್ಲಿರಬೇಕು. ಒಂದು ಬಿಡಿಭಾಗ ತರಿಸಲು ಆರು ಮೇಜುಗಳ ಸಹಿ ಬೇಕಾದ ಕಡೆ ಹೊರದೇಶದ ಯಾವ ಜೊತೆಗಾರನೂ ನಿಲ್ಲುವುದಿಲ್ಲ. ಹುಬ್ಬಳ್ಳಿ, ಕಲಬುರಗಿ, ಮಂಗಳೂರುಗಳ ಕಾಲೇಜಿನ ವಿದ್ಯಾರ್ಥಿಗೂ ಅದರ ಬಾಗಿಲು ತೆರೆದಿರಬೇಕು. ಮೂರನೆಯದು, ವರ್ಷಕ್ಕೊಮ್ಮೆ ಅದು ತನ್ನ ಲೆಕ್ಕವನ್ನು ಜನರ ಮುಂದೆ ಜನರ ಭಾಷೆಯಲ್ಲಿಯೇ ಒಪ್ಪಿಸಬೇಕು. ಏನು ಸಾಧಿಸಿದೆವು, ಎಲ್ಲಿ ಸೋತೆವು, ಯಾರೊಡನೆ ಏನು ಒಪ್ಪಂದ ಮಾಡಿಕೊಂಡೆವು, ಅದರಲ್ಲಿ ನಮ್ಮ ಪಾಲೆಷ್ಟು ಎಂಬುದನ್ನು ಕನ್ನಡದಲ್ಲಿ ಹೇಳಲಾಗದಷ್ಟು ಬಡತನ ನಮ್ಮ ನುಡಿಗೆ ಬಂದಿಲ್ಲ.

ತಮ್ಮ ನುಡಿಗಾಗಿ ಹೋರಾಡಿ ಗೆದ್ದ ಲ್ಯೂವೆನ್ನಿನವರು ಗೆಲುವಿನ ಹದಿನಾರು ವರ್ಷಗಳೊಳಗೆ ಲೋಕವೇ ಬಂದು ಕಲಿಯುವ ಮನೆಯನ್ನು ಕಟ್ಟಿದರು. ಕರ್ನಾಟಕವು ಒಂದಾಗಿ 1956ರಿಂದ ಎಷ್ಟು ವರ್ಷಗಳಾದುವೆಂಬುದನ್ನು ವಾಚಕರು ತಾವೇ ಎಣಿಸಿಕೊಳ್ಳಲಿ. ಅಂದು ಮೈಸೂರಿನ ಪ್ರಭುಗಳು ವಿದ್ಯೆಗೆ ನೆಲವನ್ನು ಕೊಟ್ಟರು. ಇಂದು ಪ್ರಜೆಗಳೇ ಪ್ರಭುಗಳು. ವಿದ್ಯೆಗೆ ಬೇಕಾದ ಕಾಲವನ್ನೂ ತಾಳ್ಮೆಯನ್ನೂ ಕೊಡುವ ಹೊಣೆ ಈಗ ನಮ್ಮದು.