ನಮ್ಮ ಪುಣೆ: ಶಾಲೆಯ ಬಯಲು, ಊರಿನ ಆಟ

ಶಿವಾಜಿನಗರದ ಶ್ರೀ ಶಿವಾಜಿ ಪ್ರಿಪರೇಟರಿ ಮಿಲಿಟರಿ ಶಾಲೆಯ ಆವರಣವನ್ನು ನಮ್ಮ ಬಂಧುಗಳಲ್ಲಿ ಅನೇಕರು ಬಲ್ಲರು. ಈ ಭಾಗಕ್ಕೆ ಭಾಂಬುರ್ಡೆ ಎಂಬ ಹೆಸರಿದ್ದಾಗ, 1921ರಲ್ಲಿ, ಬ್ರಿಟಿಷ್ ಯುವರಾಜನು ಶಿವಾಜಿ ಸ್ಮಾರಕಕ್ಕೆ ಇಲ್ಲಿ ಅಡಿಗಲ್ಲನ್ನಿಟ್ಟನು. ಶಿಲ್ಪಿ ನಾನಾಸಾಹೇಬ ಕರಮರಕರರು ರೂಪಿಸಿದ ಅಶ್ವಾರೂಢ ಮೂರ್ತಿಯ ಅನಾವರಣ 1928ರಲ್ಲಿ ಆಯಿತು. 1932ರಲ್ಲಿ ಶಾಲೆ ಆರಂಭವಾಯಿತು.

ಮೂರ್ತಿಯನ್ನು ನೋಡಲು ಹೋದವರು ಮೈದಾನವನ್ನೂ ನೋಡಬೇಕು. ಜಿಲ್ಲಾ ಫುಟ್‌ಬಾಲ್ ಸಂಘದ ಲೀಗ್ ಪಂದ್ಯಗಳು ಇಲ್ಲಿ ನಡೆದಿವೆ. ಶಾಲೆಯ ಮಕ್ಕಳು ಓಡಾಡಿದ ನೆಲದಲ್ಲಿಯೇ ಪೇಟೆಯ ತರುಣರೂ ಬೂಟು ಕಟ್ಟಿ ಇಳಿದಿದ್ದಾರೆ. ಸ್ವಂತ ನೆಲವಿಲ್ಲದ ತಂಡಕ್ಕೆ ಶಾಲೆಯ ಬಯಲೇ ಕ್ರೀಡಾಂಗಣ.

ಪೂರ್ಣ ಅಳತೆಯ ಕಾಲ್ಚೆಂಡಾಟಕ್ಕೆ ಸುಮಾರು 105 ಮೀಟರ್ ಉದ್ದ, 68 ಮೀಟರ್ ಅಗಲದ ಜಾಗ ಬೇಕು. ಇಂದಿನ ಪುಣೆಯಲ್ಲಿ ಅಷ್ಟು ನೆಲ ಕಂಡರೆ ಕಟ್ಟಡದ ಯೋಚನೆಯೇ ಮೊದಲು ಬರುತ್ತದೆ. ಆದರೆ 2020ರ ಕೋವಿಡ್ ಕಾಲದಲ್ಲಿ ಶಿವಾಜಿನಗರದ ಇಂಜಿನಿಯರಿಂಗ್ ಕಾಲೇಜಿನ ಮೈದಾನದಲ್ಲಿ ದೊಡ್ಡ ಆಸ್ಪತ್ರೆಯೇ ಎದ್ದಿತು. ಬಯಲು ಉಳಿದಿದ್ದರಿಂದಲೇ ಅಲ್ಲವೆ?

ಉಳಿಸಿದರೆ ಸಾಲದು, ಸಾಕಬೇಕು. ಯಾವ ಮೈದಾನದ ಹುಲ್ಲಿಗಾದರೂ ವಿಶ್ರಾಂತಿ ಬೇಕು. ಚಪ್ಪರದ ಗೂಟ ಕಿತ್ತ ಕುಳಿಯನ್ನು ಮುಚ್ಚದಿದ್ದರೆ ಆಡುವ ಮಗುವಿನ ಕಾಲು ಉಳುಕುತ್ತದೆ.

ಕನ್ನಡಿಗರಿಗೆ ಈ ಆಟ ಹೊಸದಲ್ಲ. ಮೈಸೂರು ತಂಡ 1946-47ರಲ್ಲಿಯೇ ಸಂತೋಷ್ ಟ್ರೋಫಿಯನ್ನು ಗೆದ್ದಿತ್ತು. 1968-69ರ ವಿಜಯದ ಬಳಿಕ ಕರ್ನಾಟಕಕ್ಕೆ ಅದು ಮತ್ತೆ ದೊರೆತದ್ದು 2023ರಲ್ಲಿ. ಪುಣೆಯ ನಮ್ಮ ಮನೆಗಳ ಹುಡುಗ ಹುಡುಗಿಯರೂ ಸಂಜೆ ಚೆಂಡಿನ ಹಿಂದೆ ಓಡಲಿ. ರಜೆಯ ದಿನ ನಾವು ಹಿರಿಯರೂ ಮೈದಾನದ ಅಂಚಿನಲ್ಲಿ ನಿಂತು ಚಪ್ಪಾಳೆ ತಟ್ಟೋಣ. ಆಡುವವರೂ ನೋಡುವವರೂ ಇರುವ ಬಯಲನ್ನು ಕಬಳಿಸುವುದು ಸುಲಭವಲ್ಲ.